ಕಾಯಿಪಲ್ಯದ ಪಂಚಾಂಗ

ದಾವಣಗೆರೆಗೆ ಹೋದವರು ಬೆಣ್ಣೆದೋಸೆ ತಿನ್ನದೆ ಹಿಂದಿರುಗುವುದು ಕಡಿಮೆ. ಸಂಜೆಯಾದರೆ ಮಂಡಕ್ಕಿ, ಅದರ ಜೊತೆಗೆ ಬಿಸಿಬಿಸಿ ಮೆಣಸಿನಕಾಯಿ. ಈ ಎರಡು ತಿಂಡಿಗಳಿಂದಲೇ ಊರನ್ನು ಗುರುತಿಸುವ ಮಂದಿ ನಾಡಿನಲ್ಲೆಲ್ಲ ಇದ್ದಾರೆ. ಆದರೆ ತಟ್ಟೆಯಲ್ಲಿರುವುದನ್ನು ನಿಧಾನವಾಗಿ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ದೋಸೆಯ ಪಕ್ಕದ ಆಲೂಗಡ್ಡೆ ಪಲ್ಯವೂ, ಮಂಡಕ್ಕಿಯ ಪಕ್ಕದ ಮೆಣಸಿನಕಾಯಿಯೂ ಈ ನೆಲದ ಮೂಲದವಲ್ಲ. ಎರಡೂ ಕಳೆದ ಐದು ನೂರು ವರ್ಷಗಳೊಳಗೆ ಅಮೆರಿಕಾ ಖಂಡದಿಂದ ಕಡಲು ದಾಟಿ ಬಂದವು. ಬಂದ ಎರಡರಲ್ಲಿ ಮೆಣಸಿನಕಾಯಿ ಇಲ್ಲಿಯ ಬಿಸಿಲಿಗೆ ಒಗ್ಗಿ ಮನೆಯವಳೇ ಆಗಿಬಿಟ್ಟಿತು. ಆಲೂಗಡ್ಡೆ ಮಾತ್ರ ಇಂದಿಗೂ ಹೆಚ್ಚಾಗಿ ಪರಸ್ಥಳದಿಂದ ಬರುವ ನೆಂಟ. ಅದಕ್ಕೆ ಗಡ್ಡೆ ಕಟ್ಟಲು ತಂಪಾದ ರಾತ್ರಿ ಬೇಕು. ಅಂಥ ರಾತ್ರಿಗಳು ಹಾಸನ, ಚಿಕ್ಕಬಳ್ಳಾಪುರಗಳಲ್ಲಿ ಸಿಕ್ಕಷ್ಟು ಧಾರಾಳವಾಗಿ ದಾವಣಗೆರೆಯಲ್ಲಿ ಸಿಕ್ಕುವುದಿಲ್ಲ.

ಯಾವ ಗಿಡವನ್ನು ಯಾವ ಊರಲ್ಲಿ ಯಾವಾಗ ನೆಡಬೇಕು ಎಂಬುದು ಕೇವಲ ತೋಟಗಾರನ ಪ್ರಶ್ನೆಯೆಂದು ನಾವು ತಿಳಿದಿದ್ದೇವೆ. ಅದಕ್ಕೂ ಒಂದು ಚರಿತ್ರೆಯುಂಟು. ಆ ಚರಿತ್ರೆಯಲ್ಲಿ ರಾಜರಿದ್ದಾರೆ, ಬರಗಾಲವಿದೆ, ರೈಲುಗಾಡಿಯಿದೆ, ಕಾಲುವೆಯಿದೆ. ಇವೆಲ್ಲವನ್ನೂ ದಾವಣಗೆರೆ ಮತ್ತು ಹರಿಹರಗಳ ನಡುವಿನ ಒಂದು ಗಾವುದ ನೆಲದಲ್ಲಿಯೇ ಕಾಣಬಹುದು.

ಮೊದಲು ಈ ನೆಲದ ಸ್ವಭಾವವನ್ನು ತಿಳಿಯಬೇಕು. ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವನು 1224ರ ವೇಳೆಗೆ ಕಟ್ಟಿಸಿದನು. ಅಲ್ಲಿಯ ವಿಗ್ರಹದಲ್ಲಿ ಅರ್ಧ ಹರ, ಅರ್ಧ ಹರಿ. ಊರಿನ ಹವೆಯೂ ಹಾಗೆಯೇ, ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಪಡುವಲಿಗೆ ಹೋದರೆ ಆಗುಂಬೆ. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರು ಮಳೆ ಸುರಿಯುತ್ತದೆ. ಮೂಡಲಿಗೆ ಹೋದರೆ ಜಗಳೂರಿನ ಒಣ ಹೊಲಗಳು. ನಡುವೆ ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿ ಕುಳಿತ ದಾವಣಗೆರೆಗೆ ಬೀಳುವುದು 600ರಿಂದ 700 ಮಿಲಿಮೀಟರಿನ ಆಸುಪಾಸಿನ ಮಳೆ. ರಾಜ್ಯವನ್ನು ಹತ್ತು ಕೃಷಿ ವಲಯಗಳಾಗಿ ವಿಂಗಡಿಸಿದ ತಜ್ಞರು ದಾವಣಗೆರೆ, ಹರಿಹರ ತಾಲ್ಲೂಕುಗಳನ್ನು ಮಧ್ಯ ಒಣ ವಲಯಕ್ಕೆ ಸೇರಿಸಿದರು. ನೆರೆಯ ಹೊನ್ನಾಳಿ, ಚನ್ನಗಿರಿಗಳನ್ನು ಮಲೆನಾಡಿನ ಅಂಚಿನ ಬೇರೆ ವಲಯಕ್ಕೆ ಸೇರಿಸಿದರು. ಹೀಗಾಗಿ ಒಂದೇ ಜಿಲ್ಲೆಯಲ್ಲಿ, ಬೆಳಗಿನ ಬಸ್ಸು ಹತ್ತಿದರೆ ತಿಂಡಿಯ ಹೊತ್ತಿಗೆ ತಲುಪುವ ದೂರದಲ್ಲಿ, ಬಿತ್ತನೆಯ ಲೆಕ್ಕವೇ ಬದಲಾಗುತ್ತದೆ.

ಮಲೆನಾಡಿನವರಿಗೂ ಕರಾವಳಿಯವರಿಗೂ ಮಳೆಗಾಲವೆಂದರೆ ಗಿಡ ಕೊಳೆಯುವ ಕಾಲ. ಅವರು ಎತ್ತರದ ಜಾಗದಲ್ಲಿ ಒಂದಿಷ್ಟು ಹೀರೆ, ಸೌತೆ ಹಬ್ಬಿಸಿಕೊಂಡರೂ ನಿಜವಾದ ಕಾಯಿಪಲ್ಯದ ಸುಗ್ಗಿ ಗದ್ದೆಯ ಕುಯ್ಲು ಮುಗಿದ ಮೇಲೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಉಡುಪಿಯ ಮಟ್ಟುಗುಳ್ಳ ಬದನೆಯನ್ನೂ ಮಳೆ ಇಳಿಯುವ ಕಾಲಕ್ಕೇ ನೆಡುತ್ತಾರೆ. ಬಯಲುಸೀಮೆಯವನಿಗೆ ಇದು ತಲೆಕೆಳಗು. ಅವನಿಗೆ ಮಳೆ ಬಂದರೇ ಬದನೆ.

ಈ ಲೆಕ್ಕವನ್ನು ನಮ್ಮ ಹಿರಿಯರು ಹೇಗೆ ಇಟ್ಟುಕೊಂಡಿದ್ದರು? ನಕ್ಷತ್ರಗಳ ಹೆಸರಿನಲ್ಲಿ. ಸೂರ್ಯನು ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಏಪ್ರಿಲ್ ನಡುವಿನ ಅಶ್ವಿನಿಯಿಂದ ಆರಂಭವಾಗಿ ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆಗಳ ಸರದಿ ನಡೆಯುತ್ತದೆ. ಈಗಿನ ಲೆಕ್ಕದಲ್ಲಿ ಮೃಗಶಿರ ಜೂನ್ 8ರ ಸುಮಾರಿಗೆ, ಆರಿದ್ರೆ 22ರ ಸುಮಾರಿಗೆ, ಮಘೆ ಆಗಸ್ಟ್ 17ಕ್ಕೆ, ಸ್ವಾತಿ ಅಕ್ಟೋಬರ್ 24ಕ್ಕೆ ಹುಟ್ಟುತ್ತದೆ. ತಿಂಗಳ ಹೆಸರು ಕೇಳಿದರೆ ತಡವರಿಸುವ ರೈತನೂ ‘ಯಾವ ಮಳೆ ನಡೆದಿದೆ’ ಎಂದರೆ ಕೂಡಲೆ ಹೇಳಿಯಾನು. ಆರಿದ್ರೆ ಮಳೆಯಾದರೆ ದಾರಿದ್ರ್ಯವಿಲ್ಲ ಎಂಬ ಗಾದೆಯನ್ನು ಕೇಳದ ಬಯಲುಸೀಮೆಯವರಿಲ್ಲ.

ಈ ವಿದ್ಯೆ ಕನ್ನಡದಲ್ಲಿ ಬರವಣಿಗೆಗೆ ಇಳಿದು ಸಾವಿರ ವರ್ಷ ತುಂಬಿತು. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರಲ್ಲಿ, ಚಾವುಂಡರಾಯನು ‘ಲೋಕೋಪಕಾರ’ವನ್ನು ರಚಿಸಿದನು. ಶಕುನ, ವಾಸ್ತು, ನೀರಿನ ಸೆಲೆ ಹುಡುಕುವ ಬಗೆ, ಗಿಡಮರಗಳ ಆರೈಕೆ, ಅಡಿಗೆ ಎಲ್ಲವನ್ನೂ ಒಂದೇ ಗ್ರಂಥದಲ್ಲಿ ಕೂಡಿಸಿದ ಗೃಹಸ್ಥರ ಪುಸ್ತಕವದು. ಹದಿನಾರನೆಯ ಶತಮಾನದ ಆರಂಭದಲ್ಲಿ ಮುಮ್ಮಡಿ ಮಂಗರಸನು ‘ಸೂಪಶಾಸ್ತ್ರ’ದಲ್ಲಿ ಬದನೆಯ ಅಡಿಗೆಗಳಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಈ ಎರಡು ಗ್ರಂಥಗಳ ಅಡಿಗೆಮನೆಯಲ್ಲಿ ಟೊಮೆಟೊ ಇಲ್ಲ, ಹಸಿಮೆಣಸಿನಕಾಯಿ ಇಲ್ಲ, ಆಲೂಗಡ್ಡೆ ಇಲ್ಲ. ಆದ್ದರಿಂದ ಅಂದಿನ ಪಂಚಾಂಗದಲ್ಲಿ ಅವುಗಳಿಗೆ ಮುಹೂರ್ತವೂ ಇರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಬೇಕು. ನಕ್ಷತ್ರದ ಲೆಕ್ಕವೂ ಸ್ಥಿರವಲ್ಲ. ಅಯನಚಲನೆಯ ಕಾರಣದಿಂದ ಸೂರ್ಯನ ನಕ್ಷತ್ರ ಪ್ರವೇಶವು ಋತುವಿಗೆ ಹೋಲಿಸಿದರೆ ಸುಮಾರು ಎಪ್ಪತ್ತು ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತದೆ. ಚಾವುಂಡರಾಯನಿಂದ ಇಲ್ಲಿಗೆ ಹದಿನೈದು ದಿನ, ಎಂದರೆ ಒಂದು ಮಳೆಯಷ್ಟು ಅಂತರ. ಮುಂಗಾರು ಅಂದೂ ಇದೇ ಋತುವಿನಲ್ಲಿ ಬರುತ್ತಿತ್ತೆಂದು ಇಟ್ಟುಕೊಂಡರೆ, ಅಂದು ಆರಿದ್ರೆಯ ಹೆಸರಿನಲ್ಲಿ ಬಿದ್ದ ನೀರು ಇಂದು ಮೃಗಶಿರದ ಹೆಸರಿನಲ್ಲಿ ಬೀಳುತ್ತಿದೆ. ಮಳೆಯು ಪಂಚಾಂಗವನ್ನು ಓದಿ ಬರುವುದಿಲ್ಲ. ಹಿರಿಯರು ಇದನ್ನು ಅರಿಯದವರಲ್ಲ. ‘ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು’ ಎಂಬ ಮಾತಿನಲ್ಲಿ ನಕ್ಷತ್ರವೂ ಇಲ್ಲ, ತಾರೀಖೂ ಇಲ್ಲ. ಮಣ್ಣಿನ ಹಸಿ ಮಾತ್ರ ಇದೆ. ನಕ್ಷತ್ರ ಎಚ್ಚರಿಸುವುದಕ್ಕೆ, ಹದ ನಿರ್ಧರಿಸುವುದಕ್ಕೆ.

ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಸುತ್ತಿ ವರದಿ ಬರೆಯಲು ಕಂಪೆನಿ ಸರಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ನೇಮಿಸಿತು. 1800ರಲ್ಲಿ ಮದರಾಸಿನಿಂದ ಹೊರಟ ಆತ 1801ರಲ್ಲಿ ಹರಿಹರ, ದಾವಣಗೆರೆಗಳನ್ನು ಹಾದುಹೋದನು. ಹೋದಲ್ಲೆಲ್ಲ ರೈತರನ್ನು ಕೂಡಿಸಿ, ಯಾವ ತಿಂಗಳಲ್ಲಿ ಉಳುವಿರಿ, ಎಷ್ಟು ಬೀಜ ಹಾಕುವಿರಿ, ಯಾವಾಗ ಕುಯ್ಯುವಿರಿ ಎಂದು ಕೇಳಿ ಬರೆದುಕೊಳ್ಳುವುದು ಅವನ ಪದ್ಧತಿ. ಅವನ ಮೂರು ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಬೇತೂರಿಗೆ ಸೇರಿದ ಸಣ್ಣ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರನು ಆಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟಿದ್ದನು; ಆತ ವರ್ತಕರನ್ನು ಕರೆತಂದು ನೆಲೆಗೊಳಿಸಿದ್ದರಿಂದ ಊರು ಬೆಳೆಯಿತು. ಬುಕಾನನ್ ಬಂದಾಗ ಕಂಬಳಿಯ ವ್ಯಾಪಾರ ಇಲ್ಲಿಯ ಮುಖ್ಯ ಕಸುಬಾಗಿತ್ತು. ಕಂಬಳಿಯಿದ್ದಲ್ಲಿ ಕುರಿ, ಕುರಿಯಿದ್ದಲ್ಲಿ ಗೊಬ್ಬರ. ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿಕೊಂಡು ಕುರುಬರಿಗೆ ಕಾಳು ಕೊಡುವ ರೂಢಿ ಬಯಲುಸೀಮೆಯ ಬೇಸಾಯದ ಬೆನ್ನೆಲುಬು.

ಇದರ ಮುಂದಿನ ಅಧ್ಯಾಯವನ್ನು ಬರೆದದ್ದು ಬೀಜದ ಪೊಟ್ಟಣ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್ ಎಂಬಾತ ಸ್ಥಳೀಯ ಗಿಡಗಳ ಚಿತ್ರಗಳನ್ನು ನಮ್ಮವನೇ ಆದ ಚಿತ್ರಕಾರನಿಂದ ಬರೆಯಿಸುತ್ತಿದ್ದನು. ಅವನ ಸಲಹೆಯ ಮೇರೆಗೆ 1856ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ಸರಕಾರಿ ಸಸ್ಯೋದ್ಯಾನವಾಯಿತು. 1874ರಿಂದ 1908ರವರೆಗೆ ಅದರ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರಾನನ ಕಾಲದಲ್ಲಿ ಹೊರನಾಡಿನ ಹಲವು ತರಕಾರಿಗಳು ಮೈಸೂರು ಸೀಮೆಗೆ ಪರಿಚಯವಾದವು. ಸೀಮೆಎಣ್ಣೆ, ಸೀಮೆಸುಣ್ಣಗಳ ಸಾಲಿಗೆ ಸೀಮೆಬದನೆಯೂ ಸೇರಿತು. ನವಿಲುಕೋಸಿನಲ್ಲಿ ನವಿಲಿಲ್ಲ; ಡಚ್ಚರ ‘ಕ್ನೋಲ್‌ಕೋಲ್’ ಕನ್ನಡಿಗರ ನಾಲಗೆಯಲ್ಲಿ ನವಿಲಾಗಿ ಕುಣಿಯಿತೆಂದು ತೋರುತ್ತದೆ.

ಗಿಡ ಬಂದಿತು, ಆದರೆ ಅದರ ಜೊತೆಗೆ ಅದರ ತಿಂಗಳು ಬರಲಿಲ್ಲ. ಇಂಗ್ಲೆಂಡಿನ ಪೊಟ್ಟಣದ ಮೇಲೆ ‘ಮಾರ್ಚಿಯಲ್ಲಿ ಬಿತ್ತಿರಿ’ ಎಂದು ಅಚ್ಚಾಗಿದ್ದರೆ ಅದು ಹಿಮ ಕರಗುವ ನಾಡಿನ ಮಾರ್ಚಿ. ದಾವಣಗೆರೆಯ ಮಾರ್ಚಿಯಲ್ಲಿ ಎಲೆಕೋಸು ಬಿತ್ತಿದರೆ ಎಲೆ ಸಿಕ್ಕೀತು, ಕೋಸು ಸಿಕ್ಕದು. 1864ರಲ್ಲಿ ಹೊರಬಂದ ಫರ್ಮಿಂಜರನ ತೋಟಗಾರಿಕೆಯ ಕೈಪಿಡಿ ಹೆಸರಾಂತದ್ದು. ಆದರೆ ಅದು ಬಂಗಾಳ ಮತ್ತು ಉತ್ತರ ಹಿಂದೂಸ್ಥಾನಕ್ಕೆಂದು ಬರೆದದ್ದು. ಪುಸ್ತಕ ಸುಳ್ಳು ಹೇಳಲಿಲ್ಲ, ಬೇರೆ ಊರಿನ ಸತ್ಯವನ್ನು ಹೇಳಿತು, ಅಷ್ಟೆ.

ಸೆಕೆ, ಚಳಿಗಳಲ್ಲದೆ ಹಗಲಿನ ಉದ್ದವೂ ಗಿಡಕ್ಕೆ ಗೊತ್ತಾಗುತ್ತದೆ. ದಾವಣಗೆರೆಯಲ್ಲಿ ಜೂನ್ ತಿಂಗಳ ಹಗಲು ಸುಮಾರು 13 ಗಂಟೆ, ಡಿಸೆಂಬರಿನದು ಹನ್ನೊಂದೂಕಾಲು. ಯುರೋಪಿನ ಉಳ್ಳಾಗಡ್ಡಿಗೆ ಗಡ್ಡೆ ಕಟ್ಟಲು 14 ಗಂಟೆಗೂ ಮೀರಿದ ಹಗಲು ಬೇಕು. ಅಂಥ ಬೀಜವನ್ನು ಇಲ್ಲಿ ಎಷ್ಟು ಆರೈಕೆ ಮಾಡಿ ಬೆಳೆದರೂ ಹಸಿರು ಗರಿಯಷ್ಟೇ ಫಲ. ನಮ್ಮ ಬಳ್ಳಾರಿ ಕೆಂಪು ಉಳ್ಳಾಗಡ್ಡಿ ಗಿಡ್ಡ ಹಗಲಿನಲ್ಲೇ ಗುಂಡಗಾಗುವುದನ್ನು ಕಲಿತದ್ದು. ಅವರೆಯದು ಇನ್ನೊಂದು ಬಗೆ. ಹಗಲು ಕುಗ್ಗುವವರೆಗೆ ಹಳೆಯ ಅವರೆ ಹೂ ಬಿಡುವುದೇ ಇಲ್ಲ. ಬೇಸಿಗೆಯಲ್ಲಿ ಬಿತ್ತಿದರೂ ಆಷಾಢದಲ್ಲಿ ಬಿತ್ತಿದರೂ ಕಾಯಿ ಬರುವುದು ಚಳಿಯ ದಿನಗಳಿಗೇ. ಅವಸರಪಟ್ಟವನಿಗೆ ಬಳ್ಳಿ ಹೆಚ್ಚು ಸಿಕ್ಕೀತು, ಕಾಳಲ್ಲ. ಸಂಕ್ರಾಂತಿಯ ಹೊತ್ತಿನ ಅವರೆಯ ಸಂಭ್ರಮಕ್ಕೆ ಇದೇ ಕಾರಣ. ಈ ಕಟ್ಟನ್ನು ಬಿಡಿಸಿ ವರ್ಷವಿಡೀ ಕಾಯಿ ಬಿಡುವ ಹೆಬ್ಬಾಳ ಅವರೆಯ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೊರತಂದರು.

ಗಿಡ ಮನುಷ್ಯನ ಮಾತನ್ನು ಸ್ವಲ್ಪ ಸ್ವಲ್ಪವಾಗಿ ಕೇಳುತ್ತದೆ ಎಂಬುದಕ್ಕೆ ಹೂಕೋಸು ಸಾಕ್ಷಿ. 1822ರಲ್ಲಿ ಇಂಗ್ಲೆಂಡಿನಿಂದ ಸಹರಾನಪುರದ ಕಂಪೆನಿ ತೋಟಕ್ಕೆ ಅದರ ಬೀಜ ಬಂತೆಂದು ದಾಖಲೆಯಿದೆ. ಉತ್ತರದ ರೈತರು ಸೆಕೆಯನ್ನು ತಾಳಿಕೊಂಡು ಬೇಗ ಹೂ ಕಟ್ಟಿದ ಗಿಡಗಳ ಬೀಜವನ್ನೇ ವರ್ಷವರ್ಷವೂ ಆಯ್ದರು. ತಲೆಮಾರುಗಳು ಕಳೆಯುವುದರಲ್ಲಿ ಅದು ‘ಭಾರತದ ಹೂಕೋಸು’ ಎಂಬ ಬೇರೆ ಬಳಗವೇ ಆಯಿತು. ಪ್ರಯೋಗಾಲಯವಿಲ್ಲದ ಆ ಜನ ಕೈಯಲ್ಲಿ ಹಿಡಿದಿದ್ದುದು ಕಣ್ಣು, ತಾಳ್ಮೆ ಮತ್ತು ಮುಂದಿನ ವರ್ಷಕ್ಕೆ ಎತ್ತಿಟ್ಟ ಬೀಜ.

ಎತ್ತಿಟ್ಟ ಬೀಜದ ಬೆಲೆ ಏನೆಂಬುದನ್ನು 1876ರಿಂದ 1878ರ ಬರ ತೋರಿಸಿಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ನೆನೆಯುತ್ತಿದ್ದುದು ಇದನ್ನೇ. 1871ರ ಗಣತಿಯಲ್ಲಿ 50 ಲಕ್ಷಕ್ಕೂ ಮೀರಿದ್ದ ಮೈಸೂರು ಸಂಸ್ಥಾನದ ಜನ 1881ರಲ್ಲಿ ಸುಮಾರು 42 ಲಕ್ಷಕ್ಕಿಳಿದರು. ಮಳೆ ತಪ್ಪಿದಾಗ ಮೊದಲು ಹೋಗುವುದು ಬೆಳೆ, ಅನಂತರ ದನ, ಕೊನೆಗೆ ಬಿತ್ತನೆಯ ಬೀಜ. ಹಸಿದ ಮನೆಯಲ್ಲಿ ಬೀಜವೂ ಅನ್ನವೇ. ಬೀಜವನ್ನು ಬೇಯಿಸಿಕೊಂಡ ಮನೆಗೆ ಮಳೆ ಬಂದರೂ ಬಂದಂತಲ್ಲ. ಬಿತ್ತುವ ಕಾಲದ ಜ್ಞಾನವು ಹವ್ಯಾಸಿಗಳ ವಿನೋದವಲ್ಲ. ಅದರ ಹಿಂದೆ ಪ್ರಾಣದ ಪ್ರಶ್ನೆಯಿದೆ ಎಂಬುದನ್ನು ಮರೆಯುವಂತಿಲ್ಲ.

ಬರದ ನಂತರದ ದಶಕದಲ್ಲಿ ರೈಲುದಾರಿ ಬೆಂಗಳೂರಿನಿಂದ ಗುಬ್ಬಿ ದಾಟಿ ಹರಿಹರವನ್ನು ಮುಟ್ಟಿತು. ಆಗ ಹರಿಹರ ಮೈಸೂರು ಸಂಸ್ಥಾನದ ಗಡಿ. ಹೊಳೆ ದಾಟಿದರೆ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆ. ಬೆಂಗಳೂರಿನ ಕೋಸು, ಪುಣೆಯ ಬೀಜ ಎರಡಕ್ಕೂ ದಾರಿ ತೆರೆಯಿತು. 1930ರ ದಶಕದಿಂದ ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳೆದ್ದವು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರಖಾನೆ ಹುಟ್ಟಿ ಲೇತ್ ಯಂತ್ರಗಳಿಗೆ ಹೆಸರಾಯಿತು. ಸಂಬಳದ ದಿನ ಸಂತೆಗೆ ಹೋಗುವ ಸಂಸಾರಗಳು ಹೆಚ್ಚಿದವು. ಹಿತ್ತಲಲ್ಲಿ ಕಾಯಿ ಬಿಟ್ಟಾಗ ಪಲ್ಯ ಮಾಡುವ ಕಾಲ ಹೋಗಿ, ಪಲ್ಯ ಬೇಕಾದಾಗ ಕಾಯಿ ಕೊಳ್ಳುವ ಕಾಲ ಬಂತು.

ನೀರಿನ ಕಥೆಯೂ ಬದಲಾಯಿತು. ಹಿಂದೆ ಇಲ್ಲಿಯ ತೋಟಕ್ಕೆ ಕಪಿಲೆ ಹೊಡೆಯುವ ಬಾವಿಗಳು, ಕೆರೆಗಳು ಆಧಾರ. ಸೂಳೆಕೆರೆಯಿಂದ ಹೊರಟ ಹರಿದ್ರಾ ಹಳ್ಳ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. 1960ರ ದಶಕದಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯ ಪೂರ್ಣಗೊಂಡು ಅದರ ಬಲದಂಡೆ ನಾಲೆಯ ನೀರು ದಾವಣಗೆರೆ, ಮಲೇಬೆನ್ನೂರಿನ ಕಡೆಗೆ ಹರಿಯಿತು. ಒಣ ಹೊಲಗಳು ಭತ್ತದ ಗದ್ದೆಗಳಾದವು. ಊರು ಶ್ರೀಮಂತವಾಯಿತು; ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಗದ್ದೆಯ ನಿಂತ ನೀರಿನಲ್ಲಿ ಬದನೆ ಬದುಕದು, ಚೌಳಿಕಾಯಿ ಉಸಿರಾಡದು. ಮಳೆಯನ್ನೇ ನಂಬಿದ ಹೊಲಗಳಲ್ಲಿ ಮೆಕ್ಕೆಜೋಳ ತುಂಬಿಕೊಂಡಿತು. ಈಚೆಗೆ ಅಡಿಕೆಯೂ ಹಬ್ಬುತ್ತಿದೆ. ಹೀಗೆ ನೀರು ಬಂದ ಮೇಲೆ ಕಾಯಿಪಲ್ಯಕ್ಕೆ ಉಳಿದ ನೆಲ ಕಡಿಮೆಯಾಯಿತು ಎಂಬುದು ಈ ಚರಿತ್ರೆಯ ವಿಪರ್ಯಾಸ. ಇಂದು ಉಳಿದಿರುವುದು ಕೊಳವೆಬಾವಿಯ ತೋಟಗಳು, ಊರಂಚಿನ ಮಡಿಗಳು, ಮತ್ತು ಪೇಟೆಯವರ ಮಾಳಿಗೆಯ ಮೇಲಿನ ಕುಂಡಗಳು.

ಆ ಕುಂಡಗಳನ್ನು ನೆಚ್ಚಿಕೊಂಡ ಓದುಗರಿಗಾಗಿ ಈ ಊರಿನ ಪಂಚಾಂಗವನ್ನು ಸಂಗ್ರಹವಾಗಿ ಹೇಳುತ್ತೇನೆ.

ಯುಗಾದಿ ಕಳೆದ ಮೇಲಿನ ಬಿಸಿಲಿನಲ್ಲಿ ಮಣ್ಣನ್ನು ಅಗೆದು ಬಿಡಬೇಕು, ತಿಪ್ಪೆಗೊಬ್ಬರ ಸೇರಿಸಬೇಕು. ಕೃತ್ತಿಕೆ, ರೋಹಿಣಿಗಳಲ್ಲಿ ಬದನೆ, ಮೆಣಸಿನಕಾಯಿಗಳ ಬೀಜವನ್ನು ಒಟ್ಟಲುಪಾತಿಯಲ್ಲಿ ಸಾಲಾಗಿ ಉದುರಿಸಿ, ತೆಳ್ಳಗೆ ಗೊಬ್ಬರ ಮುಚ್ಚಿ, ಮೊಳಕೆ ಕಾಣುವವರೆಗೆ ಹುಲ್ಲು ಹೊದಿಸಬೇಕು. ಐದಾರು ವಾರದ ಸಸಿಯನ್ನು ಆರಿದ್ರೆ, ಪುನರ್ವಸುಗಳ ಮೋಡದ ದಿನ ನೋಡಿ, ಸಂಜೆಯ ಹೊತ್ತು, ಎರಡಡಿಗೊಂದರಂತೆ ಕೀಳಿ ನೆಡಬೇಕು. ಬೆಂಡೆ, ಚೌಳಿ, ಹೀರೆ, ಹಾಗಲ, ಸೋರೆಗಳಿಗೆ ಕೀಳಿ ನೆಡುವ ಗೊಡವೆ ಬೇಡ. ಮೃಗಶಿರದ ಹದದಲ್ಲಿ ನೇರ ಊರಿದರಾಯಿತು. ಬೆಂಡೆಯ ಬೀಜವನ್ನು ಹಿಂದಿನ ರಾತ್ರಿ ನೆನೆಸಿಟ್ಟರೆ ಬೇಗ ಒಡೆಯುತ್ತದೆ. ಬೀಜದ ಗಾತ್ರದ ಎರಡು ಮೂರರಷ್ಟು ಆಳ ಸಾಕು. ಆಳಕ್ಕೆ ಹೂತದ್ದು ಮೇಲೇಳಲು ಹೆಣಗುತ್ತದೆ.

ಚಳಿಗಾಲದ ತರಕಾರಿಗೆ ಹಸ್ತ, ಚಿತ್ತಗಳು ಬಾಗಿಲು. ಎಲೆಕೋಸು, ಹೂಕೋಸು, ನವಿಲುಕೋಸುಗಳ ಸಸಿ ಎಬ್ಬಿಸಿಕೊಂಡು ಸ್ವಾತಿಯ ನಂತರ ನೆಟ್ಟರೆ ಡಿಸೆಂಬರ್, ಜನವರಿಯ ತಂಪು ಅವುಗಳಿಗೆ ಒದಗುತ್ತದೆ. ಮೂಲಂಗಿ, ಗಜ್ಜರಿ, ಬೀಟ್‌ರೂಟುಗಳನ್ನು ಆಗಲೇ ನೇರ ಬಿತ್ತಬೇಕು. ಮೆಂತ್ಯ ತಿಂಗಳೊಪ್ಪತ್ತಿನಲ್ಲಿ ಕೈಗೆ ಬರುತ್ತದೆ. ಕೊತ್ತಂಬರಿಯ ಕಾಳನ್ನು ಎರಡು ಹೋಳು ಮಾಡಿ ಬಿತ್ತುವುದನ್ನು ಮರೆಯಬಾರದು. ಟೊಮೆಟೊ ಈ ದಿನಗಳಲ್ಲಿ ಚೆನ್ನಾಗಿ ಕಾಯಿ ಕಟ್ಟುತ್ತದೆ; ಏಪ್ರಿಲಿನ ಸೆಕೆಯ ರಾತ್ರಿಗಳಲ್ಲಿ ಹೂ ಉದುರುವುದು ಗೊಬ್ಬರದ ದೋಷವಲ್ಲ, ಹವೆಯದು. ಬೇಸಿಗೆಗೆ ಹರಿವೆ, ಚೌಳಿ, ಬೆಂಡೆ, ಸೌತೆಗಳೇ ಆಪ್ತರು.

ಇನ್ನೆರಡು ಮಾತು. ಮಳೆಗಾಲಕ್ಕೆ ಏರುಮಡಿ, ಬೇಸಿಗೆಗೆ ತಗ್ಗುಮಡಿ. ಒಂದರಲ್ಲಿ ನೀರು ಹೋಗಬೇಕು, ಇನ್ನೊಂದರಲ್ಲಿ ನಿಲ್ಲಬೇಕು. ಕೆಮ್ಮಣ್ಣಿನಲ್ಲಿ ಮಳೆಯ ಮರುದಿನವೇ ಕೈಯಿಕ್ಕಬಹುದು; ಎರೆಮಣ್ಣಿನಲ್ಲಿ ಅವಸರಪಟ್ಟು ಕಾಲಿಟ್ಟರೆ ಮಣ್ಣು ಕಾಲಿಗೂ ಅಂಟುತ್ತದೆ, ಒಣಗಿದ ಮೇಲೆ ಇಟ್ಟಿಗೆಯೂ ಆಗುತ್ತದೆ.

ಈ ಪಂಚಾಂಗವನ್ನು ಕಲ್ಲಿನಲ್ಲಿ ಕೆತ್ತಿದ್ದೆಂದು ತಿಳಿಯಬೇಡಿ. 2020ರಲ್ಲಿ ಭಾರತದ ಹವಾಮಾನ ಇಲಾಖೆಯೇ ಮಳೆಗಾಲದ ಸಾಮಾನ್ಯ ದಿನಾಂಕಗಳನ್ನು ತಿದ್ದಿಕೊಂಡಿತು. ಕೇರಳಕ್ಕೆ ಮುಂಗಾರು ಮುಟ್ಟುವ ದಿನ ಜೂನ್ 1 ಎಂದೇ ಉಳಿಯಿತು. ವಾಯವ್ಯ ಭಾರತದಿಂದ ಅದು ಹಿಂದಿರುಗಲು ತೊಡಗುವ ದಿನ ಸೆಪ್ಟೆಂಬರ್ 1ರಿಂದ 17ಕ್ಕೆ ಹೋಯಿತು. ನಕ್ಷತ್ರದ ಲೆಕ್ಕ ಸಾವಿರ ವರ್ಷದಲ್ಲಿ ಹದಿನೈದು ದಿನ ಸರಿದಿತ್ತು. ಮಳೆಯೇ ಸರಿಯಲು ತೊಡಗಿದರೆ ಅಷ್ಟು ಕಾಲ ಬೇಕಾಗಿಲ್ಲ. ಇಂಥ ಹೊತ್ತಿನಲ್ಲಿ ನಮಗೆ ಉಳಿಯುವ ಆಸರೆ ಯಾವುದು? ಒಂದು, ಈ ನೆಲದ ಬಿಸಿಲನ್ನು ಕಂಡು ಬಲ್ಲ ಬೀಜ. ಇನ್ನೊಂದು, ಹದವನ್ನು ಬಲ್ಲ ಕೈ. ವರ್ಷವರ್ಷವೂ ಅಂಗಡಿಯ ಪೊಟ್ಟಣವನ್ನೇ ನೆಚ್ಚಿದರೆ ಮೊದಲನೆಯದು ಹೋಗುತ್ತದೆ. ಮಣ್ಣನ್ನು ಮುಟ್ಟುವುದನ್ನೇ ಬಿಟ್ಟರೆ ಎರಡನೆಯದು.

ಹಿಂದಿನ ಮನೆಗಳಲ್ಲಿ ಅಜ್ಜಿಯರು ಒಳ್ಳೆಯ ಹೀರೆಕಾಯಿಯೊಂದನ್ನು ಬಳ್ಳಿಯಲ್ಲೇ ಬಲಿಯಲು ಬಿಡುತ್ತಿದ್ದರು. ಮಕ್ಕಳು ಕೀಳಲು ಹೋದರೆ ‘ಅದು ಬೀಜಕ್ಕೆ, ಮುಟ್ಟಬೇಡ’ ಎನ್ನುತ್ತಿದ್ದರು. ಒಣಗಿದ ಕಾಯಿಯನ್ನು ಅಡಿಗೆಮನೆಯ ಜಂತಿಗೆ ಕಟ್ಟಿ, ಬದನೆಯ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಗಡಿಗೆಯಲ್ಲಿಡುತ್ತಿದ್ದರು. ಮೊದಲ ಮಳೆ ಬಿದ್ದ ಮರುದಿನ ಹಿತ್ತಲಿಗೆ ಹೋಗಿ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಕಟ್ಟುವರು. ಬೆರಳು ಬಿಚ್ಚಿದಾಗ ಉಂಡೆ ನಿಂತು, ಮುಟ್ಟಿದರೆ ಉದುರಬೇಕು. ಹಾಗಾದರೆ ಹದ. ಅಂಟಿಕೊಂಡರೆ ‘ಇನ್ನೆರಡು ದಿನ ತಡಿ’ ಎನ್ನುವರು. ದಾವಣಗೆರೆಯ ಮಾಳಿಗೆಯ ಮೇಲಿನ ಕುಂಡದ ಮಣ್ಣೂ ಈ ಪರೀಕ್ಷೆಗೆ ಒಪ್ಪುತ್ತದೆ. ಬರುವ ಮೃಗಶಿರಕ್ಕೆ ಓದುಗರು ಒಮ್ಮೆ ಮುಷ್ಟಿ ಕಟ್ಟಿ ನೋಡಲಿ. ಬಂದ ಕಾಯಿಗಳಲ್ಲಿ ಒಂದನ್ನು ಬೀಜಕ್ಕೆಂದು ಬಿಡಲಿ.